ಭ್ರಷ್ಟ ಸರ್ಕಾರಗಳ ಜೊತೆ ಸಂಬಂಧ ಕಡಿದುಕೊಂಡರೆ ಏನಾಗುತ್ತದೆ?

ಪ್ರಶ್ನೆ: ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ತರಗತಿಯಲ್ಲಿ ಭ್ರಷ್ಟಾಚಾರ ಗ್ರಹಿಕೆ ಸೂಚ್ಯಂಕದ ಪಟ್ಟಿ ತೋರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ, "ಪಟ್ಟಿಯ ಮೇಲಿರುವ ದೇಶಗಳು ತಳದಲ್ಲಿರುವ ದೇಶಗಳಲ್ಲಿ ರಾಯಭಾರ ಕಚೇರಿ ಯಾಕೆ ಇಟ್ಟುಕೊಂಡಿವೆ? ಸಂಬಂಧ ಕಡಿದುಕೊಂಡರೆ ಆ ಸರ್ಕಾರಗಳಿಗೆ ಬುದ್ಧಿ ಬರುವುದಿಲ್ಲವೇ?" ಎಂದು ಕೇಳಿದಳು. ಭ್ರಷ್ಟ ಸರ್ಕಾರಗಳು ಪರಸ್ಪರ ಬೇಗ ಸ್ನೇಹ ಮಾಡಿಕೊಳ್ಳುತ್ತವೆ ಎಂದು ಇನ್ನೊಬ್ಬ ವಾದಿಸಿದ. ನಾನು 'ರಾಷ್ಟ್ರೀಯ ಹಿತಾಸಕ್ತಿ' ಎಂದು ಏನೋ ಹೇಳಿದೆ, ಆದರೆ ನನಗೇ ಸಮಾಧಾನವಾಗಲಿಲ್ಲ. ಒಂದು ಸರ್ಕಾರ ಎಷ್ಟು ಭ್ರಷ್ಟ ಎನ್ನುವುದಕ್ಕೂ ಅದರ ವಿದೇಶ ಸಂಬಂಧಗಳಿಗೂ ನಿಜವಾಗಿ ನಂಟಿದೆಯೇ? ನಿರ್ಬಂಧ ಹೇರುವುದರಿಂದ ಉಪಯೋಗ ಇದೆಯೇ, ಅಥವಾ ಅದರ ಪೆಟ್ಟು ಬೀಳುವುದು ಬಡವರಿಗೇ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದರೂ ಅವುಗಳ ಹಿಂದಿನ ಸಂಕಟ ಒಂದೇ. ಪ್ರಾಮಾಣಿಕ ಆಡಳಿತದ ಬಗ್ಗೆ ಉಪದೇಶ ಮಾಡುವ ದೇಶಗಳೇ ಖಜಾನೆ ಲೂಟಿ ಮಾಡಿದವರ ಕೈ ಕುಲುಕುತ್ತವೆ ಎಂದಾದರೆ ಆ ಉಪದೇಶಕ್ಕೆ ಏನು ಬೆಲೆ, ಎಂಬುದು. ಈ ಸಂಕಟಕ್ಕೆ ಆಧಾರವಿದೆ. ರಾಯಭಾರದ ಕೆಲಸ, ಆಮೇಲೆ ವಿದೇಶಕ್ಕೆ ಸಾಗಿಸಿದ ಸಾರ್ವಜನಿಕ ಹಣ ವಸೂಲು ಮಾಡುವ ಕಡತಗಳು, ಎರಡರಲ್ಲೂ ಬಹಳ ಕಾಲ ಕಳೆದವನಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಆ ಪಟ್ಟಿಯ ಬಗ್ಗೆ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ ಅದನ್ನು 1995ರಿಂದ ಪ್ರಕಟಿಸುತ್ತಿದೆ. ಈಗ ಸುಮಾರು 180 ದೇಶಗಳಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ, ಅಂಕ ಹೆಚ್ಚಿದ್ದಷ್ಟೂ ಭ್ರಷ್ಟಾಚಾರ ಕಡಿಮೆ ಎಂದರ್ಥ. 2024ರ ಪಟ್ಟಿಯಲ್ಲಿ ಡೆನ್ಮಾರ್ಕ್‌ಗೆ 90, ದಕ್ಷಿಣ ಸುಡಾನ್‌ಗೆ 8. ಇದು ಲಂಚದ ಮೊತ್ತ ಎಣಿಸಿದ ಲೆಕ್ಕವಲ್ಲ. ಸರ್ಕಾರಿ ವಲಯದ ಭ್ರಷ್ಟಾಚಾರದ ಬಗ್ಗೆ ತಜ್ಞರು ಮತ್ತು ಉದ್ಯಮಿಗಳಿಗೆ ಇರುವ ಅಭಿಪ್ರಾಯವನ್ನು ಹಲವು ಮೂಲಗಳಿಂದ ಒಟ್ಟುಗೂಡಿಸಿದ್ದು. ಕದ್ದ ಹಣ ಎಲ್ಲಿ ಬಚ್ಚಿಟ್ಟಿದೆ, ಯಾವ ದೇಶದ ಬ್ಯಾಂಕು ಅದನ್ನು ಜಮಾ ಮಾಡಿಕೊಂಡಿತು, ಯಾವ ವಕೀಲ ಬೇನಾಮಿ ಕಂಪನಿ ಕಟ್ಟಿಕೊಟ್ಟ ಎನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದೇ ವರ್ಷ ಸ್ವಿಟ್ಜರ್ಲೆಂಡ್‌ಗೆ 81 ಅಂಕ ಬಂದು ಅದು ಮೇಲಿನ ಸಾಲಿನಲ್ಲಿತ್ತು. ಅಲ್ಲಿನ ಗುಮಾಸ್ತ ಲಂಚ ಕೇಳುವುದಿಲ್ಲ, ನಿಜ. ಆದರೆ ಫಿಲಿಪ್ಪೀನ್ಸ್‌ನ ಮಾರ್ಕೋಸ್, ನೈಜೀರಿಯಾದ ಅಬಾಚಾ, ಝಯರ್‌ನ (ಇಂದಿನ ಕಾಂಗೋ) ಮೊಬುಟು ಈ ಮೂವರು ಸರ್ವಾಧಿಕಾರಿಗಳ ಹಣವೂ ಸಿಕ್ಕಿದ್ದು ಅಲ್ಲಿನ ಬ್ಯಾಂಕುಗಳಲ್ಲೇ. ಹಾಗಾಗಿ ಪಟ್ಟಿಯ ಮೇಲಿನವರು, ಕೆಳಗಿನವರು ಎಂದು ಎರಡು ಪ್ರತ್ಯೇಕ ಲೋಕಗಳಿಲ್ಲ. ಹಣ ಹೊರಡುವ ಊರು ಒಂದು, ಇಳಿಯುವ ಊರು ಇನ್ನೊಂದು, ಅಷ್ಟೇ. ತರಗತಿಯಲ್ಲಿ ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ಸಂಬಂಧ ಕಡಿದುಕೊಳ್ಳುವ ಮಾತು. ದೇಶಗಳು ರಾಯಭಾರ ಮುರಿದುಕೊಳ್ಳುವುದು ಯುದ್ಧಕ್ಕೆ, ಗಡಿ ತಕರಾರಿಗೆ, ರಾಯಭಾರ ಕಚೇರಿಯ ಮೇಲಾದ ದಾಳಿಗೆ. ಆಳುವವನು ಕಳ್ಳ ಎಂಬ ಒಂದೇ ಕಾರಣಕ್ಕೆ ಯಾವ ವಿದೇಶಾಂಗ ಸಚಿವಾಲಯವೂ ಬಾಗಿಲು ಹಾಕಿಕೊಂಡು ಬರುವುದಿಲ್ಲ. ಕಾರಣ ಬರೀ ಸ್ವಾರ್ಥವೂ ಅಲ್ಲ. ರಾಯಭಾರ ಕಚೇರಿ ಎಂದರೆ ಅಲ್ಲಿನ ಸರ್ಕಾರಕ್ಕೆ ಕೊಟ್ಟ ಸನ್ಮಾನವಲ್ಲ, ಮಾತಾಡಲು ಇಟ್ಟುಕೊಂಡ ದಾರಿ. ಆ ಊರಿನ ಜೈಲಿನಲ್ಲಿರುವ ನಮ್ಮವರನ್ನು ಯಾರಾದರೂ ಹೋಗಿ ನೋಡಬೇಕು. ಅಲ್ಲಿನ ಪತ್ರಕರ್ತರು, ಲೆಕ್ಕ ಪರಿಶೋಧಕರು, ವಿರೋಧ ಪಕ್ಷದವರು ಬಂದು ಕೂತು ಮಾತಾಡಲು ಒಂದು ಜಾಗ ಬೇಕು. ಬಾಗಿಲು ಮುಚ್ಚಿದರೆ ಮೊದಲು ಒಂಟಿಯಾಗುವವರು ಅವರೇ. ತನಿಖೆಗೆ ಬೇಕಾದ ಕಾಗದಪತ್ರ ತರಿಸಿಕೊಳ್ಳುವುದೂ ಆಮೇಲೆ ಮೂರನೆಯ ದೇಶದ ಮೂಲಕ ಸುತ್ತಿ ಬರಬೇಕಾಗುತ್ತದೆ.

ಹೀಗೆಂದ ಮಾತ್ರಕ್ಕೆ 'ಹಿತಾಸಕ್ತಿ' ಎಂಬ ಹೆಸರಿನಲ್ಲಿ ನಡೆದದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಮೊಬುಟು 1965ರಿಂದ 1997ರವರೆಗೆ ಝಯರ್ ಆಳಿದ. ಶೀತಲ ಸಮರದ ದಿನಗಳಲ್ಲಿ ಸೋವಿಯತ್ ಪಕ್ಷಕ್ಕೆ ಎದುರಾಗಿ ಆಫ್ರಿಕಾದ ನಡುವೆ ನಿಂತವನೆಂಬ ಕಾರಣಕ್ಕೆ ಅಮೆರಿಕ, ಫ್ರಾನ್ಸ್, ಬೆಲ್ಜಿಯಂ ಅವನನ್ನು ಕಾಪಾಡಿಕೊಂಡು ಬಂದವು. ಅವನು ದೇಶವನ್ನು ದೋಚುತ್ತಿದ್ದಾನೆಂದು ಆ ರಾಜಧಾನಿಗಳಿಗೆ ಚೆನ್ನಾಗಿಯೇ ಗೊತ್ತಿತ್ತು. ಕೊನೆಗೆ ಸ್ವಿಸ್ ಬ್ಯಾಂಕುಗಳಲ್ಲಿ ಸಿಕ್ಕ ಸುಮಾರು 77 ಲಕ್ಷ ಫ್ರಾಂಕ್ ಕೂಡ ಕಾಂಗೋ ಜನಕ್ಕೆ ಸೇರಲಿಲ್ಲ. ಕಾನೂನಿನ ಅವಧಿ ಮುಗಿದು 2009ರಲ್ಲಿ ಅವನ ವಾರಸುದಾರರ ಕೈಗೇ ಹೋಯಿತು. ಸ್ವಿಸ್ ಸಂಸತ್ತು ಆಮೇಲೆ ತನ್ನ ಕಾನೂನನ್ನು ಬದಲಿಸಿಕೊಂಡದ್ದಕ್ಕೆ ಈ ಅವಮಾನವೂ ಒಂದು ಕಾರಣ.

ಬ್ರಿಟನ್‌ನ ಕತೆ ಇನ್ನೂ ನೇರ. 1985ರಿಂದ ಸೌದಿ ಅರೇಬಿಯಾಕ್ಕೆ ಯುದ್ಧವಿಮಾನ ಮಾರಿದ ದೊಡ್ಡ ಒಪ್ಪಂದದಲ್ಲಿ ಬಿಎಇ ಕಂಪನಿ ಲಂಚ ಕೊಟ್ಟಿದೆ ಎಂಬ ತನಿಖೆಯನ್ನು ಅಲ್ಲಿನ ಗಂಭೀರ ವಂಚನೆ ತನಿಖಾ ಕಚೇರಿ 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ತನಿಖೆ ಮುಂದುವರಿದರೆ ಭಯೋತ್ಪಾದನೆ ವಿರುದ್ಧದ ಗುಪ್ತಚರ ಸಹಕಾರ ನಿಲ್ಲುತ್ತದೆ ಎಂಬ ಬೆದರಿಕೆ ಸೌದಿ ಕಡೆಯಿಂದ ಬಂದಿತ್ತು. ಹೈಕೋರ್ಟ್ ಇದು ತಪ್ಪು ಎಂದಿತು. 2008ರ ಜುಲೈನಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ತಿರುಗಿಸಿ, ತನಿಖೆ ನಿಲ್ಲಿಸಿದ್ದು ಕಾನೂನುಬದ್ಧ ಎಂದಿತು. ಕಾನೂನಿನ ರಾಜ್ಯವೊಂದು ಬಹಿರಂಗವಾಗಿ ಇಂಥ ಲೆಕ್ಕ ಹಾಕಿದ ಸಂದರ್ಭ ಇಷ್ಟು ಸ್ಪಷ್ಟವಾಗಿ ದಾಖಲಾಗಿರುವುದು ಅಪರೂಪ. ನನಗೆ ಆ ನಿರ್ಧಾರ ಸರಿ ಎಂದು ಈಗಲೂ ಅನ್ನಿಸುವುದಿಲ್ಲ. ಗುಪ್ತಚರ ಮಾಹಿತಿಯಿಂದ ಜೀವ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಬೆದರಿಸಿದರೆ ತನಿಖೆ ನಿಲ್ಲುತ್ತದೆ ಎಂದು ಒಮ್ಮೆ ತೋರಿಸಿಕೊಟ್ಟ ಮೇಲೆ ಮುಂದಿನವನೂ ಬೆದರಿಸಿ ನೋಡುತ್ತಾನೆ.

ನಿಮ್ಮ ಇನ್ನೊಬ್ಬ ವಿದ್ಯಾರ್ಥಿಯ ವಾದದಲ್ಲಿ ಅರ್ಧ ಸತ್ಯವಿದೆ. ದೇಶಗಳ ಸ್ನೇಹವನ್ನು ನಿರ್ಧರಿಸುವುದು ನೆರೆಹೊರೆ, ತೈಲ, ಭದ್ರತೆ, ಇತಿಹಾಸ. ಭ್ರಷ್ಟರೆಲ್ಲ ಒಂದು ಕೂಟ ಎಂದು ನಂಬಿದರೆ ಅವರು ಪರಸ್ಪರ ಯುದ್ಧ ಮಾಡುವುದನ್ನು ವಿವರಿಸಲು ಆಗುವುದಿಲ್ಲ. ಆದರೆ ಪ್ರಶ್ನೆ ಕೇಳದೆ ಸಾಲ ಕೊಡುವವನು, ಟೆಂಡರ್ ಇಲ್ಲದೆ ಕೆಲಸ ಹಿಡಿಯುವ ಗುತ್ತಿಗೆದಾರ ಬಂದಾಗ ಭ್ರಷ್ಟ ಆಡಳಿತಕ್ಕೆ ಅನುಕೂಲ, ಅಷ್ಟು ನಿಜ. ಇದರ ಜೊತೆ ನ್ಯೂಯಾರ್ಕ್‌ನ ಒಂದು ಅಧ್ಯಯನವನ್ನು ಮಕ್ಕಳಿಗೆ ಹೇಳಿ. ವಿಶ್ವಸಂಸ್ಥೆಯ ರಾಜತಾಂತ್ರಿಕರಿಗೆ ಅಲ್ಲಿ ಪಾರ್ಕಿಂಗ್ ದಂಡದಿಂದ ರಕ್ಷಣೆ ಇತ್ತು. 1997ರಿಂದ 2002ರ ನಡುವೆ ಕಟ್ಟದೆ ಉಳಿದ ಚೀಟಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಫಿಸ್ಮನ್ ಮತ್ತು ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಅವನ್ನು ದೇಶವಾರು ಎಣಿಸಿ ನೋಡಿದರು. ಭ್ರಷ್ಟಾಚಾರ ಹೆಚ್ಚಿರುವ ದೇಶಗಳವರು ಹೆಚ್ಚು ಚೀಟಿ ಬಾಕಿ ಇಟ್ಟಿದ್ದರು, ನಾರ್ವೆ ಮತ್ತು ಸ್ವೀಡನ್‌ನವರದು ಒಂದೂ ಇರಲಿಲ್ಲ. ಅಮೆರಿಕದ ಬಗ್ಗೆ ಜನಾಭಿಪ್ರಾಯ ಕೆಟ್ಟದಾಗಿರುವ ದೇಶಗಳವರೂ ಹೆಚ್ಚು ತಪ್ಪಿದ್ದರು. ಅಂದರೆ ಊರಿನ ರೂಢಿ ಜೊತೆಗೆ ಪ್ರಯಾಣ ಮಾಡುತ್ತದೆ, ಎದುರಿನ ದೇಶದ ಮೇಲಿನ ಭಾವನೆಯೂ ಅದರೊಳಗೆ ಬೆರೆಯುತ್ತದೆ. ಆದರೆ 2002ರಲ್ಲಿ ಚೀಟಿ ಬಾಕಿ ಇಟ್ಟವರ ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ನಗರಕ್ಕೆ ಸಿಕ್ಕಿದ ಮೇಲೆ ಬಾಕಿ ಶೇ 98ರಷ್ಟು ಇಳಿಯಿತು. ಮನುಷ್ಯರು ಅವರೇ, ಸಂಸ್ಕೃತಿಯೂ ಅದೇ. ಬದಲಾಗಿದ್ದು ನಿಯಮ ಜಾರಿಯಾಗುವ ಭರವಸೆ ಮಾತ್ರ.

ಹಾಗಾದರೆ ಭ್ರಷ್ಟಾಚಾರ ವಿದೇಶ ಸಂಬಂಧಕ್ಕೆ ಮಾಡುವ ಹಾನಿ ಯಾವುದು? ನನ್ನ ಅನುಭವದಲ್ಲಿ ಇದು: ದೇಶ ದೇಶದ ನಡುವೆ ಇರಬೇಕಾದ ಸಂಬಂಧ ಮನುಷ್ಯ ಮನುಷ್ಯನ ನಡುವಿನ ವ್ಯವಹಾರವಾಗಿ ಇಳಿದುಬಿಡುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದ ಸಚಿವನಿಗೂ ಗುತ್ತಿಗೆ ಪಡೆದ ಕಂಪನಿಗೂ ಮಾತ್ರ ಒಳವಿವರ ಗೊತ್ತಿರುತ್ತದೆ. ಅವನು ಅಧಿಕಾರದಿಂದ ಇಳಿದ ದಿನ ಒಪ್ಪಂದವೂ ಅನಾಥ. ಮಲೇಷ್ಯಾವನ್ನು ನೋಡಿ. 1ಎಂಡಿಬಿ ಎಂಬ ಸರ್ಕಾರಿ ನಿಧಿಯಿಂದ 450 ಕೋಟಿ ಡಾಲರ್‌ಗೂ ಹೆಚ್ಚು ಹಣ ಲಪಟಾಯಿಸಲಾಗಿದೆ ಎಂದು ಅಮೆರಿಕದ ನ್ಯಾಯಾಂಗ ಇಲಾಖೆ ಲೆಕ್ಕ ಹಾಕಿತು, 2016ರಿಂದಲೇ ಆಸ್ತಿ ಮುಟ್ಟುಗೋಲಿಗೆ ದಾವೆ ಹೂಡಿತು. ಅದು ನಡೆಯುತ್ತಿರುವಾಗಲೇ, 2017ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನಜೀಬ್ ರಜಾಕ್ ಶ್ವೇತಭವನದ ಅತಿಥಿಯಾಗಿದ್ದರು. ಒಂದೇ ಸರ್ಕಾರದ ಒಂದು ಇಲಾಖೆ ಅವರ ಆಪ್ತರ ಆಸ್ತಿ ಹುಡುಕುತ್ತಿತ್ತು, ಇನ್ನೊಂದು ಅವರಿಗೆ ಸ್ವಾಗತ ಕೋರುತ್ತಿತ್ತು. 2018ರ ಮೇ ತಿಂಗಳಲ್ಲಿ ಜನ ಅವರನ್ನು ಸೋಲಿಸಿದರು. ಆರು ದಶಕ ಆಳಿದ ಮೈತ್ರಿಕೂಟ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಹೊಸ ಸರ್ಕಾರ, ನಜೀಬ್ ಕಾಲದಲ್ಲಿ ಚೀನಾದ ಜೊತೆ ಆಗಿದ್ದ ಪೂರ್ವ ಕರಾವಳಿ ರೈಲು ಯೋಜನೆಯನ್ನು ತಡೆದು, ಮತ್ತೆ ಮಾತುಕತೆಗೆ ಕೂತು, 6,550 ಕೋಟಿ ರಿಂಗಿಟ್‌ನ ವೆಚ್ಚವನ್ನು 2019ರಲ್ಲಿ 4,400 ಕೋಟಿಗೆ ಇಳಿಸಿತು. ಎರಡು ದೇಶಗಳ ನಡುವೆ ಸುಮಾರು ಒಂದು ವರ್ಷ ಹೋದದ್ದು ಈ ತಕರಾರಿನಲ್ಲಿ. ಮೊದಲೇ ಬಾಗಿಲು ತೆರೆದಿಟ್ಟು ಮಾತಾಡಿದ್ದರೆ ಬೀಜಿಂಗ್‌ಗೂ ಇದು ತಪ್ಪುತ್ತಿತ್ತು.

ಇದರ ಇನ್ನೊಂದು ಮುಖ, ಭ್ರಷ್ಟ ನಾಯಕನ ಜುಟ್ಟು ಹೊರಗಿನವರ ಕೈಗೆ ಸಿಗುವುದು. ಅವನ ಮಗನ ಬಂಗಲೆ, ಹೆಂಡತಿಯ ಖಾತೆ ಯಾವ ದೇಶದಲ್ಲಿದೆಯೋ ಆ ದೇಶದ ಎದುರು ಅವನು ತನ್ನ ದೇಶದ ಪರವಾಗಿ ಗಟ್ಟಿಯಾಗಿ ಮಾತಾಡಲಾರ. ಇದಕ್ಕೆ ಪತ್ರದಲ್ಲಿ ಸಾಕ್ಷಿ ಸಿಗುವುದಿಲ್ಲ. ಸಂಧಾನದ ಮೇಜಿನಲ್ಲಿ ಒಂದು ಕಡೆಯವರು ಕಾರಣವಿಲ್ಲದೆ ಬೇಗ ಒಪ್ಪಿಕೊಂಡಾಗ ಅನುಭವಿಗಳಿಗೆ ಗೊತ್ತಾಗುತ್ತದೆ.

ಪ್ಯಾರಿಸ್‌ನ ಅವೆನ್ಯೂ ಫೋಶ್‌ನಲ್ಲಿರುವ 42ನೇ ನಂಬರಿನ ಕಟ್ಟಡದ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ನಿಮ್ಮ ಪ್ರಶ್ನೆಯ ಎರಡೂ ತುದಿ ಅಲ್ಲಿ ಕೂಡುತ್ತವೆ. ಈಕ್ವಟೋರಿಯಲ್ ಗಿನಿ ಆಫ್ರಿಕಾದ ಪುಟ್ಟ ತೈಲ ದೇಶ. ಅದರ ಅಧ್ಯಕ್ಷರ ಮಗ, ಮೊದಲು ಸಚಿವ, ಆಮೇಲೆ ಉಪಾಧ್ಯಕ್ಷ. ಆ ಐಷಾರಾಮಿ ಕಟ್ಟಡ ಅವರದಾಗಿತ್ತು. ಸ್ವಯಂಸೇವಾ ಸಂಸ್ಥೆಗಳು ಕೊಟ್ಟ ದೂರಿನ ಮೇಲೆ ನಡೆದ ತನಿಖೆಯಲ್ಲಿ ಫ್ರೆಂಚ್ ಪೊಲೀಸರು 2011ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ದುಬಾರಿ ಕಾರುಗಳನ್ನು ಹೊತ್ತೊಯ್ದರು. ಮರು ತಿಂಗಳೇ ಈಕ್ವಟೋರಿಯಲ್ ಗಿನಿ ಫ್ರಾನ್ಸ್‌ಗೆ ಪತ್ರ ಬರೆದು, ಅದು ತಮ್ಮ ರಾಯಭಾರ ಕಚೇರಿಯ ಜಾಗ ಎಂದಿತು. ಕಟ್ಟಡದ ಬಾಗಿಲಿಗೆ ಹಾಗೆಂದು ಫಲಕವೂ ಬಂತು. 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯ ಪ್ರಕಾರ ರಾಯಭಾರ ಕಚೇರಿಯೊಳಗೆ ಆತಿಥೇಯ ದೇಶದ ಪೊಲೀಸರು ಒಪ್ಪಿಗೆಯಿಲ್ಲದೆ ಕಾಲಿಡುವಂತಿಲ್ಲ, ಅದನ್ನು ಜಪ್ತಿ ಮಾಡುವಂತಿಲ್ಲ. ಫ್ರಾನ್ಸ್ ಈ ವಾದ ಒಪ್ಪಲಿಲ್ಲ. ವ್ಯಾಜ್ಯ 2016ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2020ರ ಡಿಸೆಂಬರ್ 11ರಂದು ಒಂಬತ್ತು–ಏಳರ ಬಹುಮತದಲ್ಲಿ ತೀರ್ಪು ಬಂತು: ಆ ಕಟ್ಟಡ ಎಂದೂ ರಾಯಭಾರ ಕಚೇರಿಯ ಸ್ಥಾನ ಪಡೆದಿರಲಿಲ್ಲ. ಏಳು ನ್ಯಾಯಮೂರ್ತಿಗಳು ಭಿನ್ನವಾಗಿ ಮತ ಹಾಕಿದ್ದನ್ನು ಗಮನಿಸಿ. ಆತಿಥೇಯ ದೇಶ ತನಗೆ ಬೇಕಾದಂತೆ 'ಇದು ರಾಯಭಾರ ಕಚೇರಿಯಲ್ಲ' ಎನ್ನಲು ಬಿಟ್ಟರೆ ನಾಳೆ ಪ್ರಾಮಾಣಿಕ ರಾಯಭಾರಿಗೂ ರಕ್ಷಣೆ ಇಲ್ಲದಂತಾದೀತು ಎಂಬ ಆತಂಕ ಹುಸಿಯಲ್ಲ. ಆ ಮಗನಿಗೆ ಫ್ರೆಂಚ್ ನ್ಯಾಯಾಲಯಗಳು ವಿಧಿಸಿದ ಶಿಕ್ಷೆ 2021ರ ಜುಲೈನಲ್ಲಿ ಅಂತಿಮವಾಯಿತು. ಅದೇ ತಿಂಗಳು ಬ್ರಿಟನ್ ಆ ವ್ಯಕ್ತಿಯ ಮೇಲೆ ನಿರ್ಬಂಧ ಹೇರಿತು. ಈಕ್ವಟೋರಿಯಲ್ ಗಿನಿ ಉತ್ತರವಾಗಿ ಲಂಡನ್‌ನ ತನ್ನ ರಾಯಭಾರ ಕಚೇರಿಯನ್ನೇ ಮುಚ್ಚುವುದಾಗಿ ಘೋಷಿಸಿತು. ಒಬ್ಬ ಮಗನ ಆಸ್ತಿಗಾಗಿ ಒಂದು ಇಡೀ ದೇಶದ ರಾಯಭಾರ ಪಣಕ್ಕೆ ಬಿತ್ತು.

ಹಾಗಾದರೆ ಮಾಡಬಹುದಾದ್ದೇನು? ನಿಮ್ಮ ವಿದ್ಯಾರ್ಥಿನಿ ಕೇಳಿದ ದಾರಿ ಬಿಟ್ಟರೆ ಸರ್ಕಾರಗಳ ಎದುರು ಕೆಲವು ದಾರಿಗಳಿವೆ, ಯಾವುದೂ ಪುಕ್ಕಟೆಯಲ್ಲ.

ಇಡೀ ದೇಶದ ವ್ಯಾಪಾರ ನಿಲ್ಲಿಸುವ ಹಳೆಯ ಬಗೆಯ ನಿರ್ಬಂಧ ಬಡವರ ಅಡುಗೆಮನೆಗೆ ಮೊದಲು ತಲುಪುತ್ತದೆ ಎಂಬ ನಿಮ್ಮ ಅನುಮಾನ ಸರಿ. ಕೊರತೆ ಬಂದಲ್ಲಿ ಪರವಾನಗಿ ಕೊಡುವವನ ಬೆಲೆ ಏರುತ್ತದೆ, ಹಾಗಾಗಿ ಲಂಚವೂ ಹೆಚ್ಚುತ್ತದೆ. ಅದಕ್ಕೇ ಈಗ ವ್ಯಕ್ತಿಗಳ ಮೇಲೆ ನಿರ್ಬಂಧ ಹೇರುವ ಪದ್ಧತಿ ಬಂದಿದೆ. ಅಧಿಕಾರಿಗಳ ತೆರಿಗೆ ವಂಚನೆ ಬಯಲಿಗೆಳೆದ ಸೆರ್ಗೈ ಮ್ಯಾಗ್ನಿಟ್ಸ್ಕಿ 2009ರ ನವೆಂಬರ್‌ನಲ್ಲಿ ಮಾಸ್ಕೋದ ಬಂದೀಖಾನೆಯಲ್ಲಿ ಸತ್ತ. ಅವನ ಹೆಸರಿನ ಕಾಯ್ದೆಯನ್ನು ಅಮೆರಿಕ 2012ರ ಡಿಸೆಂಬರ್‌ನಲ್ಲಿ ತಂದು, ಹೊಣೆಗಾರರ ವೀಸಾ ತಡೆಯಿತು, ಖಾತೆ ಸ್ಥಗಿತಗೊಳಿಸಿತು. 2016ರಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸುವಂತೆ ವಿಸ್ತರಿಸಿತು. ಗುರಿ ನೇರ, ಹೊಡೆತ ಬೀಳಬೇಕಾದವನಿಗೇ ಬೀಳುತ್ತದೆ. ಆದರೆ ಮೊದಲ ಕಾಯ್ದೆಗೆ ಸಹಿ ಬಿದ್ದ ಎರಡು ವಾರದಲ್ಲಿ ರಷ್ಯಾ, ಅಮೆರಿಕನ್ನರು ರಷ್ಯನ್ ಮಕ್ಕಳನ್ನು ದತ್ತು ತೆಗೆದುಕೊಳ್ಳುವುದನ್ನು ನಿಷೇಧಿಸಿತು. ಆಗಲೇ ದತ್ತು ಪ್ರಕ್ರಿಯೆಯಲ್ಲಿದ್ದ ಅನಾಥಾಲಯದ ಮಕ್ಕಳು ಅಲ್ಲೇ ಉಳಿದರು. ಸೇಡು ತೀರಿಸಿಕೊಳ್ಳಲು ಆಳುವವರು ಯಾರನ್ನು ಆರಿಸಿಕೊಳ್ಳುತ್ತಾರೆ ಎಂದು ಮೊದಲೇ ಯೋಚಿಸದೆ ಇಂಥ ಕ್ರಮಕ್ಕೆ ಕೈಹಾಕಬಾರದು. ಇನ್ನೊಂದು ಅಪಾಯ, ಶತ್ರು ದೇಶದ ಕಳ್ಳರ ಹೆಸರಷ್ಟೇ ಪಟ್ಟಿಗೆ ಸೇರಿ ಮಿತ್ರ ದೇಶದವರು ಹೊರಗುಳಿಯುವುದು. ಹಾಗಾದ ದಿನ ಪಟ್ಟಿಗೆ ನೈತಿಕ ಬಲ ಉಳಿಯುವುದಿಲ್ಲ.

ಆಡಳಿತ ಸರಿಪಡಿಸಿಕೊಂಡರೆ ಮಾತ್ರ ಹಣ ಎಂಬ ಷರತ್ತು ಇನ್ನೊಂದು ದಾರಿ. ಯುರೋಪಿಯನ್ ಒಕ್ಕೂಟದಂಥ ಕೂಟಕ್ಕೆ ಸೇರಲು ಕಾಯುತ್ತಿರುವವರ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಒಳಗೆ ಬಂದವರ ಮೇಲೆ ಕಷ್ಟ. ಉಕ್ರೇನ್ 2025ರ ಜುಲೈ 22ರಂದು ತನ್ನ ಭ್ರಷ್ಟಾಚಾರ ನಿಗ್ರಹ ಸಂಸ್ಥೆಗಳ ಸ್ವಾಯತ್ತತೆ ಕಸಿಯುವ ಕಾನೂನು ತಂದಿತು. ಯುದ್ಧದ ನಡುವೆಯೂ ಜನ ಬೀದಿಗಿಳಿದರು, ಯುರೋಪಿಯನ್ ಒಕ್ಕೂಟ ಆಕ್ಷೇಪ ಎತ್ತಿತು, ಜುಲೈ 31ಕ್ಕೆ ಸ್ವಾಯತ್ತತೆ ವಾಪಸ್ ಬಂತು. ನನ್ನ ಪ್ರಕಾರ ಬೀದಿಗಿಳಿದ ಜನ ಇಲ್ಲದೆ ಒಕ್ಕೂಟದ ಪತ್ರ ಒಂದೇ ಅದನ್ನು ಸಾಧಿಸುತ್ತಿರಲಿಲ್ಲ. ಹಂಗರಿಯಾದರೋ ಒಕ್ಕೂಟದ ಸದಸ್ಯ. ಸರ್ಕಾರಿ ಖರೀದಿಯ ಅವ್ಯವಹಾರದ ಕಾರಣಕ್ಕೆ 750 ಕೋಟಿ ಯೂರೋ ತಡೆಹಿಡಿಯಬೇಕೆಂಬ ಪ್ರಸ್ತಾವ 2022ರಲ್ಲಿ ಬಂದಾಗ, ಉಕ್ರೇನ್‌ಗೆ ಕೊಡಬೇಕಿದ್ದ 1,800 ಕೋಟಿ ಯೂರೋ ನೆರವಿಗೆ ಹಂಗರಿ ಅಡ್ಡ ನಿಂತಿತ್ತು. ಕೊನೆಗೆ ಅಡ್ಡಿ ತೆಗೆಯಿತು, ತಡೆಹಿಡಿದ ಮೊತ್ತ 630 ಕೋಟಿಗೆ ಇಳಿಯಿತು.

ಮೂರನೆಯದು ತನ್ನ ಮನೆಯನ್ನು ತಾನು ಗುಡಿಸಿಕೊಳ್ಳುವುದು. ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ. ಲಂಚ ತೆಗೆದುಕೊಳ್ಳುವವನಿದ್ದರೆ ಕೊಡುವವನೊಬ್ಬ ಇರಲೇಬೇಕು, ಅವನು ಎಷ್ಟೋ ಸಲ ಪಟ್ಟಿಯ ಮೇಲಿನ ದೇಶದವನು. ಅಮೆರಿಕದ ಲಾಕ್‌ಹೀಡ್ ವಿಮಾನ ಕಂಪನಿಯ ಲಂಚ ಬಯಲಾಗಿ ಜಪಾನಿನ ಮಾಜಿ ಪ್ರಧಾನಿ ಕಾಕುಯೇ ತನಾಕಾ 1976ರಲ್ಲಿ ಬಂಧನಕ್ಕೊಳಗಾದರು. ಮರುವರ್ಷ ಅಮೆರಿಕ, ತನ್ನ ಕಂಪನಿಗಳು ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ಅಪರಾಧ ಎಂದು ಕಾನೂನು ಮಾಡಿತು. ಜರ್ಮನಿಯಲ್ಲಿ ವಿದೇಶದಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯುವುದು 1990ರ ದಶಕದ ಕೊನೆಯವರೆಗೂ ಸಾಧ್ಯವಿತ್ತು. 2008ರಲ್ಲಿ ಸೀಮೆನ್ಸ್ ಅಮೆರಿಕ, ಜರ್ಮನಿ ಎರಡೂ ಕಡೆ ಸೇರಿ ಸುಮಾರು 160 ಕೋಟಿ ಡಾಲರ್ ದಂಡ ಕಟ್ಟಿತು. ಇದರ ಅಪಾಯವೆಂದರೆ, ನಾವು ಮಾತ್ರ ನಿಯಮ ಪಾಲಿಸಿದರೆ ಗುತ್ತಿಗೆ ಬೇರೆಯವರ ಪಾಲಾಗುತ್ತದೆ ಎಂಬ ದೂರು ಮತ್ತೆ ಮತ್ತೆ ಏಳುತ್ತದೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಇದೇ ವಾದ ಮುಂದಿಟ್ಟು ಆ ಕಾಯ್ದೆಯ ಜಾರಿಯನ್ನು ತಾತ್ಕಾಲಿಕವಾಗಿ ತಡೆದರು. ಬೇನಾಮಿ ಕಂಪನಿಗಳ ನಿಜವಾದ ಒಡೆಯ ಯಾರೆಂದು ದಾಖಲಿಸುವ ಕೆಲಸವೂ ಹೀಗೆಯೇ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡೆಯುತ್ತಿದೆ.

ಕೊನೆಯದು ಕದ್ದ ಹಣ ಹಿಂದಿರುಗಿಸುವುದು. 2003ರಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದದ 51ನೇ ವಿಧಿ ಇದನ್ನು ಮೂಲಭೂತ ತತ್ವ ಎನ್ನುತ್ತದೆ. ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಕೆಲಸ ಹೇಗೆ ನಿಲ್ಲುತ್ತದೆ ಗೊತ್ತೇ? ಕಾನೂನು ನೆರವು ಕೋರುವ ಪತ್ರದಲ್ಲಿ ಖಾತೆ ನಂಬರ್ ಇರಬೇಕು, ಆ ಹಣಕ್ಕೂ ನಿರ್ದಿಷ್ಟ ಅಪರಾಧಕ್ಕೂ ಕೊಂಡಿ ತೋರಿಸಬೇಕು, ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು, ಆ ದೇಶದ ಭಾಷೆಗೆ ಅನುವಾದವಾಗಿರಬೇಕು. "ಮಾಜಿ ಅಧ್ಯಕ್ಷರ ಎಲ್ಲ ಆಸ್ತಿಯ ವಿವರ ಕೊಡಿ" ಎಂದು ಬರೆದ ಪತ್ರಗಳು ಹಾಗೇ ವಾಪಸ್ ಬರುವುದನ್ನು ನಾನು ಕಂಡಿದ್ದೇನೆ. ಕೇಳುವ ದೇಶದಲ್ಲಿ ಹಳೆಯ ಆಡಳಿತದವರೇ ಅಭಿಯೋಜಕರಾಗಿ ಕೂತಿದ್ದರೆ ಪತ್ರವನ್ನು ಬೇಕೆಂದೇ ಸಡಿಲವಾಗಿ ಬರೆದಿರುತ್ತಾರೆ. ಮಾರ್ಕೋಸ್ ಓಡಿಹೋದ ಕೆಲವೇ ವಾರಗಳಲ್ಲಿ, 1986ರ ಮಾರ್ಚ್‌ನಲ್ಲೇ ಸ್ವಿಟ್ಜರ್ಲೆಂಡ್ ಖಾತೆಗಳನ್ನು ಸ್ಥಗಿತಗೊಳಿಸಿತ್ತು. 60 ಕೋಟಿ ಡಾಲರ್‌ಗೂ ಹೆಚ್ಚಿನ ಆ ಹಣ ಫಿಲಿಪ್ಪೀನ್ಸ್‌ನ ಸರ್ಕಾರಿ ಖಜಾನೆ ಸೇರುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು.

ತಲುಪಿದ ಹಣವನ್ನು ಮತ್ತೆ ಕದಿಯಬಹುದು ಎಂಬುದು ಈ ದಾರಿಯ ದೊಡ್ಡ ಅಪಾಯ. ಹಾಗೆಂದು ಹಣ ಕೊಡದೆ ಇಟ್ಟುಕೊಂಡರೆ ಕದ್ದದ್ದರ ಲಾಭ ಬ್ಯಾಂಕಿಗೆ. ಇದಕ್ಕೆ ಎರಡು ಪರಿಹಾರಗಳು ಪ್ರಯೋಗವಾಗಿವೆ. ಅಬಾಚಾ ಹಣದ 32 ಕೋಟಿ ಡಾಲರ್‌ನಷ್ಟನ್ನು 2017ರ ಒಪ್ಪಂದದಂತೆ ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ನೈಜೀರಿಯಾದ ಬಡ ಕುಟುಂಬಗಳಿಗೆ ನೇರ ನಗದಾಗಿ ಹಂಚಲು ಮೀಸಲಿಡಲಾಯಿತು. ಕಝಾಕಸ್ತಾನದ ತೈಲ ಲಂಚದ 8.4 ಕೋಟಿ ಡಾಲರ್ ವಿಷಯದಲ್ಲಿ ಅಮೆರಿಕ, ಸ್ವಿಟ್ಜರ್ಲೆಂಡ್, ಕಝಾಕಸ್ತಾನ 2007ರಲ್ಲಿ ಒಪ್ಪಿಕೊಂಡು, ಸರ್ಕಾರದ ಹಿಡಿತಕ್ಕೆ ಹೊರಗಿದ್ದ 'ಬೋಟಾ' ಎಂಬ ಪ್ರತಿಷ್ಠಾನ ಕಟ್ಟಿದವು. ಬಡ ತಾಯಂದಿರಿಗೆ, ಅಂಗವಿಕಲ ಮಕ್ಕಳ ಮನೆಗಳಿಗೆ, ಕಾಲೇಜು ಸೇರುವ ಹುಡುಗ ಹುಡುಗಿಯರಿಗೆ ಆ ಹಣ ಹೋಯಿತು. ಅಧಿಕಾರದಲ್ಲಿದ್ದವರು ಬದಲಾಗಿರಲಿಲ್ಲ, ಮೂರು ದೇಶಗಳ ಸಂಬಂಧವೂ ಮುರಿದಿರಲಿಲ್ಲ. ಕಝಾಕ್ ಸರ್ಕಾರ ಒಪ್ಪದಿದ್ದರೆ ಇದು ಆಗುತ್ತಿರಲಿಲ್ಲ, ಅದನ್ನು ಒಪ್ಪಿಸಿದ್ದು ವರ್ಷಗಟ್ಟಲೆ ಕೂತು ಮಾತಾಡಿದ ಅಧಿಕಾರಿಗಳು.